ಮೀಟರ್ ಗೇಜಿನ ಕಪಾಟು

ಹ್ಯೂ ಹ್ಯೂಸ್ ಅವರ ‘ಇಂಡಿಯನ್ ಲೋಕೋಮೋಟಿವ್ಸ್’ ನಾಲ್ಕು ಭಾಗಗಳ ಪುಸ್ತಕ. ಮೊದಲನೆಯದು ಬ್ರಾಡ್ ಗೇಜಿನ ಎಂಜಿನುಗಳಿಗೆ, ಎರಡನೆಯದು ಮೀಟರ್ ಗೇಜಿಗೆ, ಮೂರನೆಯದು ನ್ಯಾರೋ ಗೇಜಿಗೆ, ಕೊನೆಯದು 1941ರಿಂದೀಚಿನ ಎಂಜಿನುಗಳಿಗೆ ಮೀಸಲು. 1990ರಿಂದ 1996ರ ನಡುವೆ ಇಂಗ್ಲೆಂಡಿನ ರೈಲು ಆಸಕ್ತರ ಒಂದು ಸಂಘ ಇವನ್ನು ಪ್ರಕಟಿಸಿತು. ಕತೆ ಓದುವ ಆಸೆಯಿಂದ ತೆರೆದವರಿಗೆ ಇದರಲ್ಲಿ ಸಿಗುವುದು ಕಡಿಮೆ. ಪುಟದ ಮೇಲೆ ಪುಟ ಕೋಷ್ಟಕಗಳೇ: ಎಂಜಿನಿನ ವರ್ಗ, ಚಕ್ರಗಳ ಜೋಡಣೆ, ತಯಾರಿಸಿದ ಕಂಪನಿ, ಕಾರ್ಖಾನೆ ಕೊಟ್ಟ ಸಂಖ್ಯೆ, ವರ್ಷ, ರೈಲ್ವೆ ಕೊಟ್ಟ ಸಂಖ್ಯೆ. ಆದರೂ ನನ್ನ ರೈಲು ಪುಸ್ತಕಗಳ ಕಪಾಟಿನಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ ನಾನು ಕೈ ಹಾಕುವುದು ಇದರ ಎರಡನೆಯ ಭಾಗಕ್ಕೇ. ಅದರಲ್ಲಿ ಪಟ್ಟಿ ಮಾಡಿರುವ ವಸ್ತುಗಳು ಈಗ ಪಟ್ಟಿಯಲ್ಲಲ್ಲದೆ ಬೇರೆಲ್ಲೂ ಇಲ್ಲವೆನ್ನಬೇಕು.

ಐವತ್ತು ದಾಟಿದ ಕನ್ನಡಿಗರಲ್ಲಿ ಹಲವರಿಗೆ ಬಾಲ್ಯದ ರೈಲು ಎಂದರೆ ಮೀಟರ್ ಗೇಜಿನ ರೈಲೇ. ಬೆಂಗಳೂರಿನಿಂದ ಮೈಸೂರಿಗೆ, ಅರಸೀಕೆರೆ, ಬೀರೂರು, ಹರಿಹರ ಹಾದು ಹುಬ್ಬಳ್ಳಿಗೆ, ಬೀರೂರಿನಿಂದ ಶಿವಮೊಗ್ಗಕ್ಕೆ ಇದ್ದದ್ದು ಈ ಕಿರಿದಾದ ಹಳಿಯೇ. ಎರಡು ಕಂಬಿಗಳ ನಡುವೆ ಸರಿಯಾಗಿ ಒಂದು ಮೀಟರ್. 1870ರಲ್ಲಿ ವೈಸರಾಯ್ ಮೇಯೊ ಖರ್ಚು ಉಳಿಸಲು ಈ ಅಳತೆಯನ್ನು ಆರಿಸಿದ. ಆಗ ಇಂಡಿಯಾಕ್ಕೆ ಮೆಟ್ರಿಕ್ ಪದ್ಧತಿ ಬಂದೇಬಿಡುತ್ತದೆ ಎಂಬ ನಂಬಿಕೆ ಸರ್ಕಾರದಲ್ಲಿತ್ತು. ಮೆಟ್ರಿಕ್ ಬರಲು ಇನ್ನೂ ಎಂಬತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು, ಹಳಿ ಮಾತ್ರ ಮೊದಲೇ ಬಂದು ಮಲಗಿತು. 1992ರಲ್ಲಿ ಎಲ್ಲ ಹಳಿಗಳನ್ನೂ ಒಂದೇ ಅಗಲಕ್ಕೆ ತರುವ ಯೋಜನೆ ಶುರುವಾದ ಮೇಲೆ ಕರ್ನಾಟಕದ ಮೀಟರ್ ಗೇಜ್ ಒಂದೊಂದೇ ದಾರಿಯಾಗಿ ಅಳಿಯಿತು. ಕಂಬಿ ಕಿತ್ತರು, ಎಂಜಿನುಗಳು ಗುಜರಿಗೆ ಹೋದವು. ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಲ್ಲೇ ಆರಂಭವಾದದ್ದು ಒಂದು ಪುಣ್ಯ. ಇಲ್ಲವಾಗಿದ್ದರೆ 1899ರ ಮಹಾರಾಣಿ ಸಲೂನ್ ಕೂಡ ಯಾವುದೋ ಶೆಡ್ಡಿನಲ್ಲಿ ಕೊಳೆತಿರುತ್ತಿತ್ತೇನೋ. ಆದರೆ ವಸ್ತುಸಂಗ್ರಹಾಲಯದಲ್ಲಿ ನಿಲ್ಲುವುದು ಬೆರಳೆಣಿಕೆಯ ಎಂಜಿನುಗಳು. ಉಳಿದ ನೂರಾರರ ಗುರುತು ಇರುವುದು ಹ್ಯೂಸ್ ಅವರಂಥವರ ಕೋಷ್ಟಕಗಳಲ್ಲಿ.

ಕೋಷ್ಟಕ ಓದುವುದನ್ನು ಕಲಿಯಬೇಕು, ಅಷ್ಟೆ. ‘ವೈಪಿ’ ಎಂದರೆ ವೈ ಮೀಟರ್ ಗೇಜಿಗೆ, ಪಿ ಪ್ಯಾಸೆಂಜರಿಗೆ. ‘ವೈಜಿ’ಯ ಜಿ ಗೂಡ್ಸಿಗೆ. ವೈಪಿಯ ಚಕ್ರ ಜೋಡಣೆ 4-6-2: ಮುಂದೆ ದಾರಿ ಹಿಡಿಯುವ ನಾಲ್ಕು ಸಣ್ಣ ಚಕ್ರ, ನಡುವೆ ಎಳೆಯುವ ಆರು ದೊಡ್ಡ ಚಕ್ರ, ಹಿಂದೆ ಒಲೆಯ ಭಾರ ಹೊರುವ ಎರಡು. ವೈಜಿ 2-8-2. ಎಳೆಯುವ ಚಕ್ರ ಹೆಚ್ಚಿದಷ್ಟೂ ಹಿಡಿತ ಹೆಚ್ಚು, ಓಟ ಕಡಿಮೆ. ಇಷ್ಟು ತಿಳಿದರೆ ಒಂದು ಸಾಲು ಒಂದು ಊರಿನ ನಿಲ್ದಾಣದ ಚಿತ್ರವನ್ನೇ ಕೊಡುತ್ತದೆ: ಅಲ್ಲಿ ಜನ ಹೆಚ್ಚು ಓಡಾಡುತ್ತಿದ್ದರೋ, ಅದಿರು ಮತ್ತು ಮರ ಹೆಚ್ಚು ಹೋಗುತ್ತಿತ್ತೋ ಎಂಬುದು ಗೊತ್ತಾಗುತ್ತದೆ.

ಅದೇ ಕೋಷ್ಟಕಗಳ ‘ತಯಾರಕರು’ ಎಂಬ ಕಾಲಮ್ಮಿನ ಮೇಲೆ ಬೆರಳಿಟ್ಟು ಕೆಳಗಿಳಿದರೆ ಇನ್ನೊಂದು ಚರಿತ್ರೆ ಸಿಗುತ್ತದೆ. ಗ್ಲಾಸ್ಗೊ, ಲೀಡ್ಸ್, ಮ್ಯಾಂಚೆಸ್ಟರ್, ಮತ್ತೆ ಗ್ಲಾಸ್ಗೊ. ನಡುವೆ ಎಲ್ಲೋ ಒಂದು ಕಡೆ ಅಜ್ಮೀರ್. 1895ರಲ್ಲಿ ಅಜ್ಮೀರಿನ ರೈಲ್ವೆ ಕಾರ್ಖಾನೆಯ ಕೆಲಸಗಾರರು ಎಫ್ ವರ್ಗದ 734ನೇ ಸಂಖ್ಯೆಯ ಎಂಜಿನನ್ನು ಇಲ್ಲೇ ಕಟ್ಟಿ ನಿಲ್ಲಿಸಿದರು. ಅದೂ ಮೀಟರ್ ಗೇಜಿನದೇ. ಈಗ ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿದೆ. ಅಂದರೆ ಎಂಜಿನ್ ಕಟ್ಟುವ ವಿದ್ಯೆ ಈ ನೆಲದ ಕೈಗಳಿಗೆ ಆಗಲೇ ಒಲಿದಿತ್ತು. ಆದರೂ ಸ್ವಾತಂತ್ರ್ಯದವರೆಗೆ ಬ್ರಿಟನ್ನಿನಿಂದ ಬಂದ ಎಂಜಿನುಗಳು ಅಂದಾಜು ಹನ್ನೆರಡು ಸಾವಿರವನ್ನೂ ಮೀರಿದರೆ, ಇಲ್ಲಿ ಕಟ್ಟಿದವು ಏಳುನೂರರ ಆಸುಪಾಸು. ಚಿತ್ತರಂಜನ್ ಕಾರ್ಖಾನೆ ಶುರುವಾಗಲು 1950 ಬರಬೇಕಾಯಿತು. ಹೊಸ ವೈಪಿಯ ಮೊದಲ ಕಂತು ಅಮೆರಿಕದ ಬಾಲ್ಡ್‌ವಿನ್‌ನಿಂದ ಬಂತು. ಆಮೇಲೆ ಜಮ್ಶೆಡ್‌ಪುರದ ಟೆಲ್ಕೊ ಮೀಟರ್ ಗೇಜಿನ ಉಗಿ ಎಂಜಿನುಗಳನ್ನು ಕಟ್ಟುತ್ತ ಹೋಯಿತು, ಕೊನೆಯ ವೈಜಿ 1972ರಲ್ಲಿ ಚಿತ್ತರಂಜನ್‌ನಿಂದ ಹೊರಬಂತು. ವಸಾಹತು ಆರ್ಥಿಕತೆಯ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೇನೆ. ಈ ಒಂದು ಕಾಲಮ್ಮಿನಷ್ಟು ಸ್ಪಷ್ಟವಾಗಿ ಯಾವ ಭಾಷಣವೂ ಅದನ್ನು ಮನಗಾಣಿಸಲಿಲ್ಲ.

ರೈಲು ಪುಸ್ತಕಗಳನ್ನು ಕೂಡಿಡಲು ಹೊರಟವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಚಿತ್ರಪುಸ್ತಕ. ತಪ್ಪೇನಿಲ್ಲ, ಅವು ಚೆಂದವಾಗಿಯೇ ಇರುತ್ತವೆ. ಬ್ರಿಟನ್ನಿನ ಮುಖ್ಯ ಹಳಿಗಳ ಮೇಲೆ 1968ರಲ್ಲಿ ಉಗಿ ಎಂಜಿನ್ ನಿಂತ ಮೇಲೆ ಅಲ್ಲಿನ ಆಸಕ್ತರು ಕ್ಯಾಮೆರಾ ಹೊತ್ತು ಇಂಡಿಯಾಕ್ಕೆ ಬಂದರು. ಎಪ್ಪತ್ತರ ದಶಕದ ಒಳ್ಳೊಳ್ಳೆಯ ಆಲ್ಬಂಗಳೆಲ್ಲ ಅದರ ಫಲ. ಆದರೆ ಒಂದು ಮಾತು ಹೇಳಲೇಬೇಕು. ಆ ಚಿತ್ರಗಳ ಕೆಳಗೆ ಎಂಜಿನಿನ ಸಂಖ್ಯೆ ಇರುತ್ತದೆ, ಊರಿನ ಹೆಸರಿರುತ್ತದೆ, ತಾರೀಕಿರುತ್ತದೆ. ಕಲ್ಲಿದ್ದಲು ಎತ್ತಿ ಹಾಕುತ್ತಿರುವ ಫೈರ್‌ಮನ್‌ನ ಹೆಸರಿರುವುದಿಲ್ಲ.

ಸಮಗ್ರ ಇತಿಹಾಸ ಬೇಕೆನ್ನುವವರಿಗೆ ನ್ಯಾಷನಲ್ ಬುಕ್ ಟ್ರಸ್ಟಿನ ಎಂ. ಎ. ರಾವ್ ಅವರ ‘ಇಂಡಿಯನ್ ರೈಲ್ವೇಸ್’ ಸಾಕು. 1975ರ ಪುಸ್ತಕ, ಕೈಗೆ ಹಗುರ, ಜೇಬಿಗೂ ಹಗುರ. ರೈಲ್ವೆಯ ಶತಮಾನೋತ್ಸವಕ್ಕೆ 1953ರಲ್ಲಿ ಸರ್ಕಾರವೇ ತಂದ ಜೆ. ಎನ್. ಸಾಹ್ನಿ ಅವರ ಪುಸ್ತಕ, ವೆಸ್ಟ್‌ವುಡ್ ಅವರ 1974ರ ‘ರೈಲ್ವೇಸ್ ಆಫ್ ಇಂಡಿಯಾ’ ಹಳೆ ಪುಸ್ತಕದಂಗಡಿಗಳಲ್ಲಿ ಕಣ್ಣಿಗೆ ಬಿದ್ದರೆ ಬಿಡಬೇಡಿ. ದುಡ್ಡಿನ ಕತೆಗೆ ಡೇನಿಯಲ್ ಥಾರ್ನರ್ ಅವರ ‘ಇನ್ವೆಸ್ಟ್‌ಮೆಂಟ್ ಇನ್ ಎಂಪೈರ್’: ಲಂಡನ್ನಿನ ಹೂಡಿಕೆದಾರರಿಗೆ ಶೇಕಡಾ 5ರ ಲಾಭವನ್ನು ಇಲ್ಲಿನ ತೆರಿಗೆಯಿಂದ ಖಾತ್ರಿ ಮಾಡಿಕೊಟ್ಟ ಏರ್ಪಾಡು ಹೇಗೆ ಹುಟ್ಟಿತು ಎಂಬುದು ಅದರಲ್ಲಿದೆ. ಇವುಗಳ ಪಕ್ಕದಲ್ಲೇ ಗಾಂಧೀಜಿಯವರ 1917ರ ‘ಥರ್ಡ್ ಕ್ಲಾಸ್ ಇನ್ ಇಂಡಿಯನ್ ರೈಲ್ವೇಸ್’ ಎಂಬ ಚಿಕ್ಕ ಪುಸ್ತಿಕೆ ಇರಲಿ. ಉಳಿದವರೆಲ್ಲ ರೈಲನ್ನು ಹೊರಗಿನಿಂದ ನೋಡಿದವರು, ಇವರು ಒಳಗೆ ನೆಲದ ಮೇಲೆ ಕೂತು ನೋಡಿದವರು.

ಇಷ್ಟು ಬೇಗ ದಾಟಿಸಲಾಗದ ಪುಸ್ತಕ ಇಯಾನ್ ಕೆರ್ ಅವರ ‘ಬಿಲ್ಡಿಂಗ್ ದಿ ರೈಲ್ವೇಸ್ ಆಫ್ ದಿ ರಾಜ್’. 1995ರಲ್ಲಿ ಬಂದದ್ದು. ಹಳಿಯನ್ನು ಯಾರು ಹಾಕಿದರು ಎಂಬ ಪ್ರಶ್ನೆಗೆ ಕಂಪನಿಗಳ ಹೆಸರು ಹೇಳಿ ಮುಗಿಸದೆ, ಬುಟ್ಟಿ ಹೊತ್ತವರ ಕಡೆಗೆ ತಿರುಗಿದ ಪುಸ್ತಕ. ಮುಂಬೈ–ಪುಣೆ ನಡುವಿನ ಭೋರ್ ಘಾಟ್ ಏರು 1856ರಿಂದ 1863ರವರೆಗೆ ಕಟ್ಟಲಾಯಿತು. ಕೆಲಸ ಬಿರುಸಾಗಿದ್ದಾಗ ನಲವತ್ತು ಸಾವಿರಕ್ಕೂ ಹೆಚ್ಚು ಜನ ಆ ಬೆಟ್ಟದ ಮೇಲಿದ್ದರು. 1859ರಲ್ಲಿ ಕೂಲಿಯ ತಕರಾರು ಗಲಭೆಯಾಯಿತು, ಗುತ್ತಿಗೆದಾರ ಕೈಬಿಟ್ಟ. ಅವನ ಜಾಗಕ್ಕೆ ಬಂದ ಸಾಲೊಮನ್ ಟ್ರೆಡ್‌ವೆಲ್ ಕೆಲವೇ ವಾರಗಳಲ್ಲಿ ಕಾಯಿಲೆಯಿಂದ ತೀರಿಕೊಂಡ. ಗಂಡನ ಗುತ್ತಿಗೆಯನ್ನು ಮುಂದುವರಿಸಿದವಳು ಹೆಂಡತಿ ಆಲಿಸ್ ಟ್ರೆಡ್‌ವೆಲ್. ಈ ದಂಪತಿಯ ಹೆಸರು ಚರಿತ್ರೆಯಲ್ಲಿದೆ. ಅದೇ ಬೆಟ್ಟದಲ್ಲಿ ಕಾಲರಾ ಬಂದು ಸತ್ತವರ ಲೆಕ್ಕ ಅಂದಾಜಿನಲ್ಲಿ ಮಾತ್ರ ಇದೆ.

ಇದನ್ನು ಓದಿದ ಮೇಲೆ ನಮ್ಮ ಕಡೆಯ ಹಳಿಗಳ ಬಗ್ಗೆ ಅದೇ ಪ್ರಶ್ನೆ ಕೇಳದಿರಲು ಸಾಧ್ಯವಿಲ್ಲ. ಜೋಲಾರಪೇಟೆಯಿಂದ ಬೆಂಗಳೂರಿಗೆ ಬ್ರಾಡ್ ಗೇಜ್ ರೈಲು ಬಂದದ್ದು 1864ರಲ್ಲಿ. ಅಲ್ಲಿಂದ ಮುಂದೆ ಹಳಿ ಇರಲಿಲ್ಲ. ಹನ್ನೆರಡು ವರ್ಷದ ನಂತರ ಬಂದದ್ದು 1876–78ರ ಮಹಾಕ್ಷಾಮ, ನಮ್ಮ ಹಿರಿಯರು ‘ಧಾತು ಈಶ್ವರದ ಬರ’ ಎಂದು ಸಂವತ್ಸರದ ಹೆಸರಿನಲ್ಲಿ ನೆನಪಿಟ್ಟುಕೊಂಡದ್ದು. ಮದರಾಸಿನಿಂದ ಧಾನ್ಯ ಬೆಂಗಳೂರಿನವರೆಗೆ ರೈಲಿನಲ್ಲಿ ಬರುತ್ತಿತ್ತು. ಮೈಸೂರಿನ ಕಡೆಗೆ ಹೋಗಬೇಕಾದರೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೂ ಬೀಳುತ್ತಿದ್ದವು. ಹಸಿದವರಿಗೆ ಕೂಲಿ ಕೊಡಲು ತೆರೆದ ಕಾಮಗಾರಿಗಳಲ್ಲಿ ಬೆಂಗಳೂರು–ಮೈಸೂರು ಹಳಿಯ ಮಣ್ಣಿನ ಕೆಲಸವೂ ಒಂದು. 1882ರಲ್ಲಿ ರೈಲು ಮೈಸೂರು ಮುಟ್ಟಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. 1881ರಲ್ಲಿ ಸುಮಾರು 42 ಲಕ್ಷ.

ಹೀಗಾಗಿ ನನ್ನ ರೈಲು ಕಪಾಟಿನಲ್ಲಿ ರೈಲಿನ ಹೆಸರೇ ಇಲ್ಲದ ಪುಸ್ತಕಗಳು ಬಂದು ಸೇರಿದವು. ಪತ್ರಕರ್ತ ವಿಲಿಯಂ ಡಿಗ್ಬಿ 1878ರಲ್ಲಿ ಎರಡು ಸಂಪುಟಗಳಲ್ಲಿ ಬರೆದ ದಕ್ಷಿಣ ಭಾರತದ ಕ್ಷಾಮದ ವೃತ್ತಾಂತ, ಲೂಯಿಸ್ ರೈಸ್ ಅವರ ಗ್ಯಾಸೆಟಿಯರ್, ಹಯವದನರಾಯರ ಐದು ಸಂಪುಟಗಳ ಮೈಸೂರು ಗ್ಯಾಸೆಟಿಯರ್. ಅದರಲ್ಲೂ ಆರ್ಥಿಕ ವಿಷಯಗಳ ಮೂರನೆಯ ಸಂಪುಟ. ರಮೇಶಚಂದ್ರ ದತ್ತರ ಆರ್ಥಿಕ ಇತಿಹಾಸವೂ ಬೇಕು. ರೈಲಿಗೆ ಸುರಿದಷ್ಟು ಹಣವನ್ನು ಕೆರೆ ಕಾಲುವೆಗಳಿಗೆ ಯಾಕೆ ಕೊಡಲಿಲ್ಲ ಎಂದು ದತ್ತರು ಕೇಳಿದ ಪ್ರಶ್ನೆ, ಕೆರೆಗಳ ಈ ಸೀಮೆಯಲ್ಲಿ ಕೂತು ಓದುವವರಿಗೆ ಚುಚ್ಚದೆ ಇರದು. ಡಿಗ್ಬಿಯ ಪುಸ್ತಕವನ್ನೂ ಹ್ಯೂಸ್ ಅವರ ಪುಸ್ತಕವನ್ನೂ ಅಕ್ಕಪಕ್ಕ ತೆರೆದಿಟ್ಟರೆ ಒಂದು ವಿಚಿತ್ರ ಕಾಣುತ್ತದೆ. ಎರಡರಲ್ಲೂ ಅಂಕಿಗಳೇ ತುಂಬಿವೆ. ಆದರೆ ಹ್ಯೂಸ್ ಅವರಲ್ಲಿ ಪ್ರತಿಯೊಂದು ಎಂಜಿನಿಗೂ ಅದರದೇ ಆದ ಸಂಖ್ಯೆ ಇದೆ: ಹುಟ್ಟಿದ ಕಾರ್ಖಾನೆ, ಹುಟ್ಟಿದ ವರ್ಷ ಎಲ್ಲ ಇವೆ. ಡಿಗ್ಬಿಯಲ್ಲಿ ಮನುಷ್ಯರು ಸಾವಿರಗಳಲ್ಲಿ ಮತ್ತು ಲಕ್ಷಗಳಲ್ಲಿ ಬರುತ್ತಾರೆ. ಚನ್ನಪಟ್ಟಣ, ಮದ್ದೂರು, ಮಂಡ್ಯದ ದಾರಿಯಲ್ಲಿ ಮಣ್ಣು ಹೊತ್ತ ಒಬ್ಬ ಹೆಂಗಸಿನ ಹೆಸರಾದರೂ ಎಲ್ಲಾದರೂ ಸಿಕ್ಕೀತೆಂದು ಇವನ್ನೆಲ್ಲ ತಿರುವಿ ಹಾಕಿದ್ದೇನೆ. ಸಿಕ್ಕಿಲ್ಲ.

ಇನ್ನು ಸಲಕರಣೆಯ ಪುಸ್ತಕಗಳು. ಇವು ಅಂಗಡಿಯಲ್ಲಿ ಸಿಗುವುದು ಅಪರೂಪ, ಇವುಗಳ ದಾರಿ ರೈಲ್ವೆ ನೌಕರರ ಮನೆಯ ಅಟ್ಟದಿಂದ ನೇರ ರದ್ದಿಗೆ. ರೈಲ್ವೆಯ ನಿಯಮ ಪುಸ್ತಕ, ಸಾರ್ವಜನಿಕರಿಗೆ ಕೊಡದ ಒಳಗಿನ ವೇಳಾಪಟ್ಟಿ, ಸಿಗ್ನಲ್ ಕೈಪಿಡಿ, ಬಾಯ್ಲರ್ ತಪಾಸಣೆಯ ಸೂಚನೆಗಳು ಇವೆಲ್ಲ ಈ ಜಾತಿಗೆ ಸೇರಿದವು. ನಿವೃತ್ತ ಗಾರ್ಡೊಬ್ಬರು ಕೊಟ್ಟ ನಿಯಮ ಪುಸ್ತಕ ನನ್ನಲ್ಲಿದೆ. ಅದರ ಪುಟಗಳ ಮೇಲೆಲ್ಲ ತಿದ್ದುಪಡಿ ಚೀಟಿಗಳನ್ನು ಅಂಟಿಸಿ ಪಕ್ಕದಲ್ಲಿ ರುಜು ಹಾಕಿದ್ದಾರೆ. ಎಲ್ಲೋ ಆದ ಒಂದು ಅಪಘಾತ ಇಲ್ಲೊಂದು ಚೀಟಿಯಾಗಿ ಬರುವುದುಂಟು. ಗೋಂದಿನಿಂದ ದಪ್ಪಗಾದ ಆ ಪುಸ್ತಕವನ್ನು ಮುಚ್ಚಲು ದಾರ ಬೇಕು.

ಒಂಟಿ ಹಳಿಯ ದಾರಿಯಲ್ಲಿ ಎರಡು ರೈಲು ಎದುರುಬದುರಾಗದಂತೆ ಹೇಗೆ ನೋಡಿಕೊಳ್ಳುತ್ತಿದ್ದರು ಎಂಬುದನ್ನು ನಾನು ಸರಿಯಾಗಿ ತಿಳಿದದ್ದು ಇಂಥ ಪುಸ್ತಕಗಳಿಂದಲೇ. ಪಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ನೀಲ್ ಎಂಬುವನ ಹೆಸರಿನ ಒಂದೊಂದು ಯಂತ್ರ. ಅವುಗಳೊಳಗೆ ಉಕ್ಕಿನ ಚೆಂಡುಗಳು. ಎರಡು ಯಂತ್ರಗಳಿಗೂ ವಿದ್ಯುತ್ ತಂತಿಯ ಸಂಬಂಧ. ಒಂದು ಚೆಂಡು ಹೊರಗೆ ಬಂದರೆ, ಅದು ಈ ಕಡೆಯ ಯಂತ್ರಕ್ಕೋ ಆ ಕಡೆಯದಕ್ಕೋ ಮರಳುವವರೆಗೆ ಇನ್ನೊಂದು ಚೆಂಡು ಎರಡರಿಂದಲೂ ಹೊರಬಾರದು. ಚೆಂಡು ಕೈಗೆ ಬರದೆ ಡ್ರೈವರ್ ಹೊರಡುವಂತಿಲ್ಲ. ನಿಲ್ಲದೆ ಹೋಗುವ ರೈಲಾದರೆ ಚೆಂಡನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟಿದ ಚೀಲದಲ್ಲಿಟ್ಟು ಪಾಯಿಂಟ್ಸ್‌ಮನ್ ಎತ್ತಿ ಹಿಡಿಯುತ್ತಿದ್ದ, ಓಡುವ ಎಂಜಿನಿನಿಂದ ಫೈರ್‌ಮನ್ ತೋಳು ಚಾಚಿ ಅದರೊಳಗೆ ಕೈ ತೂರಿಸುತ್ತಿದ್ದ. ಕೈಮರ ಇಳಿದಿದ್ದರೂ ಚೆಂಡಿಲ್ಲದಿದ್ದರೆ ದಾರಿಯಿಲ್ಲ. ಸಣ್ಣವರಿದ್ದಾಗ ನಾವೆಲ್ಲ ಆ ಬಳೆಯನ್ನು ನೋಡಿದ್ದೇವೆ, ಅದರೊಳಗೊಂದು ಚೆಂಡು ಇದೆಯೆಂದು ಎಷ್ಟು ಜನಕ್ಕೆ ಗೊತ್ತಿತ್ತು?

ಎಲ್ಲವೂ ಅಂತರ್ಜಾಲದಲ್ಲಿದೆಯಲ್ಲ, ಕಪಾಟು ಯಾಕೆ ಎಂದು ಮನೆಯವರೂ ಕೇಳುತ್ತಾರೆ. ಹಡಲ್‌ಸ್ಟನ್ ಬರೆದ 1906ರ ಈಸ್ಟ್ ಇಂಡಿಯನ್ ರೈಲ್ವೆಯ ಇತಿಹಾಸದಂಥ ಹಳೆಯ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ, ನಿಜ. ನಾನೂ ಇಳಿಸಿಕೊಂಡೇ ಓದಿದ್ದೇನೆ. ಆದರೆ ರೈಲು ಪುಸ್ತಕದ ಜೀವ ಇರುವುದು ಮಡಿಸಿಟ್ಟ ನಕಾಶೆಯಲ್ಲಿ. ಸ್ಕ್ಯಾನ್ ಮಾಡುವವರು ಎಷ್ಟೋ ಸಲ ಅದನ್ನು ಬಿಚ್ಚುವುದೇ ಇಲ್ಲ. ಮಡಿಕೆಯ ಬೆನ್ನು ಮಾತ್ರ ತೆರೆಯ ಮೇಲೆ ಬಿಳಿಯಾಗಿ ಕಾಣುತ್ತದೆ, ಹಳಿ ಎಲ್ಲಿ ತಿರುಗಿತು ಎಂಬುದು ಒಳಗೇ ಉಳಿಯುತ್ತದೆ. ಕಾಗದದ ಪುಸ್ತಕಕ್ಕೂ ಅದರದೇ ಕಷ್ಟಗಳಿವೆ ಬಿಡಿ. ಬೆಳ್ಳಿಹುಳ, ಗೆದ್ದಲು, ಮಳೆಗಾಲದ ತೇವ ಯಾವುದೂ ಬಿಡುವುದಿಲ್ಲ. ಬೇವಿನೆಲೆ ಒಣಗಿಸಿ ಇಡುತ್ತೇನೆ, ವರ್ಷಕ್ಕೆರಡು ಸಲ ಬಿಸಿಲಿಲ್ಲದ ಗಾಳಿಗೆ ಹರವುತ್ತೇನೆ.

ಈ ಕಪಾಟಿನಲ್ಲಿ ಕನ್ನಡದ ಪುಸ್ತಕಗಳು ಹಿಡಿದಿರುವ ಜಾಗ ಒಂದು ಗೇಣೂ ಇಲ್ಲ. ಬೇಸರವಾಗುವುದು ಪುಸ್ತಕದ ಸಂಖ್ಯೆಗಿಂತ ಮಾತಿನ ನಷ್ಟಕ್ಕೆ. ಹುಬ್ಬಳ್ಳಿಯ, ಮೈಸೂರಿನ ಕಾರ್ಖಾನೆಗಳಲ್ಲಿ ಮೂರು ತಲೆಮಾರು ದುಡಿದವರಿದ್ದಾರೆ. ಬಾಯ್ಲರಿನ ಕೊಳವೆ ಸೋರಿದರೆ, ಘಾಟಿಯಲ್ಲಿ ಚಕ್ರ ಜಾರಿದರೆ, ಕಂಬಿಯ ಕೆಳಗಿನ ಜಲ್ಲಿ ಕುಸಿದರೆ ಅವರು ಅದಕ್ಕೆ ಏನೆನ್ನುತ್ತಿದ್ದರು? ಉಗಿಯ ಕಾಲದ ಗ್ಯಾಂಗ್‌ಮನ್‌ಗಳು, ಫಿಟ್ಟರುಗಳು, ಫೈರ್‌ಮನ್‌ಗಳು ಈಗ ಎಂಬತ್ತರ ಸುತ್ತಮುತ್ತ ಇದ್ದಾರೆ. ಕೇಳಿ ಬರೆದುಕೊಳ್ಳುವವರಿಗೆ ಉಳಿದಿರುವ ಕಾಲ ಕಡಿಮೆ. ನಾನು ಒಂದು ನೋಟುಪುಸ್ತಕ ಇಟ್ಟಿದ್ದೇನೆ. ಇದುವರೆಗೆ ನಾಲ್ವರ ಮಾತು ಅದರಲ್ಲಿದೆ. ಅದನ್ನು ಇಟ್ಟಿರುವುದು ಹ್ಯೂಸ್ ಅವರ ಎರಡನೆಯ ಭಾಗದ ಪಕ್ಕದಲ್ಲೇ.

ಸದ್ಯಕ್ಕೆ ಹುಡುಕುತ್ತಿರುವುದು 1880ರ ಆಸುಪಾಸಿನ ಮೈಸೂರು ಆಡಳಿತ ವರದಿಗಳ ಮೂಲ ಪ್ರತಿ, ನಕಾಶೆ ಸಮೇತ. ತೆರೆಯ ಮೇಲೆ ನೋಡಿದ ಪ್ರತಿಯಲ್ಲಿ ಅದೂ ಮಡಿಸಿಯೇ ಇತ್ತು.