ಹೂವಿನಕೋಲು ಮತ್ತು ಐಗಳ ಸಂಪಾದನೆ

ಒಬ್ಬ ಭಾಗವತ, ಒಬ್ಬ ಮದ್ದಳೆಯವ, ಹತ್ತು-ಹನ್ನೆರಡರ ಪ್ರಾಯದ ಇಬ್ಬರು ಹುಡುಗರು, ಹುಡುಗರ ಕೈಯಲ್ಲಿ ಹೂ ಕಟ್ಟಿದ ಕೋಲು. ನವರಾತ್ರಿ ಬಂತೆಂದರೆ ಕುಂದಾಪುರದ ಸುತ್ತಿನ ಹಳ್ಳಿಗಳಲ್ಲಿ ಈ ತಂಡ ಮನೆಮನೆಗೆ ಹೋಗುತ್ತಿತ್ತು. ಚಾವಡಿಯಲ್ಲಿ ಚಾಪೆ ಹಾಸಿದರೆ ಹುಡುಗರು ಎದುರುಬದುರು ಕೂತು, ಕೋಲನ್ನು ಮುಂದಿಟ್ಟು, ಮೊದಲು ಮನೆಯವರಿಗೆ ಒಳ್ಳೆಯದನ್ನು ಹಾರೈಸುವ ಚೌಪದಿ ಹೇಳುವರು. ಆಮೇಲೆ ಯಕ್ಷಗಾನ ಪ್ರಸಂಗದ ಒಂದು ತುಣುಕು. ಭಾಗವತ ಪದ ಎತ್ತುತ್ತಾನೆ; ಒಬ್ಬ ಹುಡುಗ ಸುಧನ್ವನಾದರೆ ಇನ್ನೊಬ್ಬ ಅರ್ಜುನ. ವೇಷವಿಲ್ಲ, ಕುಣಿತವಿಲ್ಲ, ಗೆಲ್ಲುವುದು ಸೋಲುವುದು ಎಲ್ಲ ಮಾತಿನಲ್ಲೇ. ಮುಗಿದ ಮೇಲೆ ಅಕ್ಕಿ, ತೆಂಗಿನಕಾಯಿ, ಒಂದಿಷ್ಟು ಕಾಸು. ಇದನ್ನು ಈಗ ನಾವು ಯಕ್ಷಗಾನದ ಒಂದು ಪ್ರಕಾರವೆಂದು ಬರೆದಿಡುತ್ತೇವೆ. ಆದರೆ ಹೂವಿನಕೋಲು ಬೆಳೆದದ್ದು ಮೇಳದಲ್ಲಲ್ಲ, ಐಗಳ ಮಠದಲ್ಲಿ, ಅಂದರೆ ಒಬ್ಬನೇ ಮೇಷ್ಟರ ಊರಶಾಲೆಯಲ್ಲಿ. ಮನೆಯವರು ಕೊಟ್ಟ ಅಕ್ಕಿ-ಕಾಯಿ ಐಗಳ ವರ್ಷದ ಸಂಪಾದನೆಯ ಒಂದು ಪಾಲು. ತರಗತಿಗೆ ಕಲೆಯನ್ನು ತರಬೇಕು, ಕಥೆಯ ಮೂಲಕ ಕಲಿಸಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದಾಗ ಅದೊಂದು ಹೊಸ ವಿಚಾರದಂತೆ ಕೇಳಿಸಿತು. ನಮ್ಮ ಊರಶಾಲೆಗಳಲ್ಲಿ ಕಲೆಗೆ ಪ್ರತ್ಯೇಕ ಪಿರಿಯಡ್ ಇರಲಿಲ್ಲ ನಿಜ. ಮೇಷ್ಟರ ಅನ್ನವೇ ಅದರಿಂದ ಹುಟ್ಟುತ್ತಿತ್ತು.

ಆ ಶಾಲೆಗಳ ಬಗ್ಗೆ ನಮಗಿರುವ ಅತ್ಯುತ್ತಮ ಸಾಕ್ಷಿ ಕರಾವಳಿಯದಲ್ಲ, ಬಳ್ಳಾರಿಯದು. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಕಲೆಕ್ಟರುಗಳಿಂದ ಶಾಲೆಗಳ ಲೆಕ್ಕ ಕೇಳಿದ. ಕುಂದಾಪುರವೂ ಸೇರಿದ್ದ ಕರಾವಳಿಯ ಕೆನರಾ ಜಿಲ್ಲೆಯ ಕಲೆಕ್ಟರ್, ಇಲ್ಲಿ ಓದಿಸುವುದೆಲ್ಲ ಖಾಸಗಿಯಾಗಿ ನಡೆಯುತ್ತದೆ, ಯಾವ ಪಟ್ಟಿ ಕೊಟ್ಟರೂ ತಪ್ಪು ತಿಳಿವಳಿಕೆಯಾದೀತು ಎಂದು ಕೈತೊಳೆದುಕೊಂಡ. ಹೀಗಾಗಿ ಐಗಳ ಮಠಗಳು ಸರ್ಕಾರದ ಲೆಕ್ಕಕ್ಕೆ ಸಿಗಲಿಲ್ಲ. ಬಳ್ಳಾರಿಯ ಎ. ಡಿ. ಕ್ಯಾಂಪ್‌ಬೆಲ್ ಮಾತ್ರ 1823ರ ಆಗಸ್ಟಿನಲ್ಲಿ ವಿವರವಾದ ವರದಿ ಬರೆದ: 533 ಶಾಲೆಗಳು, 6,641 ವಿದ್ಯಾರ್ಥಿಗಳು, ಅವುಗಳಲ್ಲಿ 235 ಕನ್ನಡ ಶಾಲೆ, 226 ತೆಲುಗು ಶಾಲೆ. ಹುಡುಗರು ಬೆರಳಿನಿಂದ ಮರಳಿನ ಮೇಲೆ ಅಕ್ಷರ ತೀಡುತ್ತಿದ್ದರು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಬೆಳಿಗ್ಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವ ಹಾಜರಿ. ರಾಮಾಯಣ, ಭಾರತ, ಪಂಚತಂತ್ರ, ಬೇತಾಳ ಪಂಚವಿಂಶತಿ, ಲಿಂಗಾಯತರ ಮಕ್ಕಳಿಗೆ ಬಸವಪುರಾಣ: ಓದಿನ ಪಟ್ಟಿಯೆಲ್ಲ ಕಥೆಯೇ. ಆದರೆ ಕ್ಯಾಂಪ್‌ಬೆಲ್‌ನ ದೊಡ್ಡ ದೂರು ಇದೇ ಪಟ್ಟಿಯ ಮೇಲಿತ್ತು. ಕಾವ್ಯದ ಭಾಷೆ ಆಡುಮಾತಿಗಿಂತ ಬೇರೆ, ಹುಡುಗರು ಗಿಳಿಗಳ ಹಾಗೆ ಪದ್ಯ ಒಪ್ಪಿಸುತ್ತಾರೆ, ಅರ್ಥ ಅವರಿಗೂ ಗೊತ್ತಿಲ್ಲ, ಬಹಳ ಕಡೆ ಮೇಷ್ಟರಿಗೂ ಗೊತ್ತಿಲ್ಲ.

ಈ ದೂರನ್ನು ಅಲ್ಲಗಳೆಯುವ ಹುಮ್ಮಸ್ಸು ನಮ್ಮವರಲ್ಲಿ ಸಾಕಷ್ಟು ಇದೆ. ನನಗೆ ಅದು ಬಹುಮಟ್ಟಿಗೆ ನಿಜವೆಂದೇ ತೋರುತ್ತದೆ. ಆದರೆ ಹೂವಿನಕೋಲನ್ನು ಈ ದೂರಿನ ಪಕ್ಕಕ್ಕೆ ಇಟ್ಟು ನೋಡಿ. ಯಕ್ಷಗಾನದಲ್ಲಿ ಪದ ಮುಗಿದ ಮೇಲೆ ಪಾತ್ರಧಾರಿ ಆಡುವ ಮಾತಿಗೆ ‘ಅರ್ಥ’ ಎಂದೇ ಹೆಸರು. ಪದ ಹಳೆಗಾಲದ್ದು, ಹಾಡಿನದು. ಅರ್ಥ ಈ ಹೊತ್ತಿನ ಗದ್ಯ. ಸುಧನ್ವನಾಗಿ ಕೂತ ಹುಡುಗ ಎದುರಿನ ಅರ್ಜುನನಿಗೆ ಉತ್ತರ ಕೊಡಬೇಕು. ಸುತ್ತ ಕೂತ ಅಜ್ಜಂದಿರಿಗೆ ಪ್ರಸಂಗ ಬಾಯಿಗೆ ಬರುತ್ತದೆ, ತಪ್ಪಿದರೆ ಅಲ್ಲೇ ಕೆಮ್ಮುತ್ತಾರೆ. ಬಳ್ಳಾರಿಯ ಹುಡುಗ ಪದ್ಯವನ್ನು ಒಪ್ಪಿಸುತ್ತಿದ್ದುದು ಬೆತ್ತ ಹಿಡಿದ ಮೇಷ್ಟರಿಗೆ. ಕುಂದಾಪುರದ ಹುಡುಗ ಅರ್ಥವನ್ನು ಹೇಳುತ್ತಿದ್ದುದು ಊರಿಗೆ. ಕಥೆ ಒಂದೇ ಇದ್ದೀತು. ಕೇಳುವವರು ಬದಲಾದಾಗ ಕಲಿಕೆಯೂ ಬದಲಾಯಿತು.

ಇದು ಭಿಕ್ಷೆಯಲ್ಲವೇ ಎಂಬ ಆಕ್ಷೇಪವಿದೆ. ಮಕ್ಕಳನ್ನು ಮುಂದಿಟ್ಟುಕೊಂಡು ಮೇಷ್ಟರು ಅಕ್ಕಿ ಬೇಡುವುದರಲ್ಲಿ ಘನತೆ ಏನಿದೆ? ಇಂಥ ರೂಢಿ ಕರಾವಳಿಗೆ ಮಾತ್ರ ಸೇರಿದ್ದೂ ಅಲ್ಲ. ದಸರಾದಲ್ಲಿ ಅಯ್ಯವಾರು ಮಕ್ಕಳನ್ನು ಕಟ್ಟಿಕೊಂಡು ಹಾಡುತ್ತ ಮನೆಮನೆ ತಿರುಗುವುದು ತೆಲುಗು ಸೀಮೆಯಲ್ಲೂ ಇತ್ತು, ಮಹಾನವಮಿ ಚೌಪದ ಹೇಳುವ ಹುಡುಗರು ಮೈಸೂರು ಸೀಮೆಯಲ್ಲೂ ಇದ್ದರು. ಬೇಡುವುದೆಂದೇ ಇಟ್ಟುಕೊಳ್ಳೋಣ; ಆದರೂ ಅದು ವರ್ಷಕ್ಕೊಮ್ಮೆ ಊರು ತನ್ನ ಶಾಲೆಯನ್ನು ಪರೀಕ್ಷೆ ಮಾಡುವ ದಿನವಾಗಿತ್ತು. ಹುಡುಗನ ಮಾತು ಚೆನ್ನಾಗಿದ್ದರೆ ಸೇರು ತುಂಬುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದ್ರಾಸ್ ಪ್ರಾಂತದ ಸರ್ಕಾರ ಪರೀಕ್ಷೆಯ ಫಲಿತಾಂಶ ನೋಡಿ ಶಾಲೆಗಳಿಗೆ ಹಣ ಕೊಡುವ ಪದ್ಧತಿ ತಂದಿತು. ಆಗಲೂ ಮೇಷ್ಟರ ಸಂಪಾದನೆ ಮಕ್ಕಳ ಬಾಯಿಯಿಂದಲೇ ಬಂತು. ಆದರೆ ಕೇಳುವವರು ಚಾವಡಿಯ ಮಂದಿಯಲ್ಲ, ಇನ್‌ಸ್ಪೆಕ್ಟರ್. ಅವರಿಗೆ ಬೇಕಾದದ್ದು ಓದು, ಉಕ್ತಲೇಖನ, ಲೆಕ್ಕ. ಐಗಳು ಯಾವುದನ್ನು ಬಿಟ್ಟು ಯಾವುದನ್ನು ಹಿಡಿದಾರು ಎಂದು ಊಹಿಸಲು ವಿಶೇಷ ಬುದ್ಧಿ ಬೇಡ. ಹಿಡಿದದ್ದೂ ಕಡಿಮೆಯದಲ್ಲ: ಅಚ್ಚಾದ ಪಠ್ಯ, ತರಗತಿಗಳ ವಿಂಗಡಣೆ, ಕಾನೂನಿನಲ್ಲಾದರೂ ಎಲ್ಲ ಜಾತಿಯ ಮಕ್ಕಳಿಗೆ ತೆರೆದ ಬಾಗಿಲು.

ಹಳೆಯ ಶಾಲೆಯನ್ನು ಹೊಗಳುವವರು ಈ ಕೊನೆಯ ಮಾತನ್ನು ನುಂಗಿಕೊಳ್ಳುತ್ತಾರೆ. ಕ್ಯಾಂಪ್‌ಬೆಲ್‌ನ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60. ಹೂವಿನಕೋಲು ಹಿಡಿದವರೂ ಗಂಡುಹುಡುಗರೇ. ಯಾವ ಮನೆಯ ಚಾವಡಿಗೆ ಯಾರು ಹತ್ತಬಹುದು ಎಂಬುದು ಹಾಡಿನಿಂದ ತೀರ್ಮಾನವಾಗುತ್ತಿರಲಿಲ್ಲ. ಇನ್ನೊಂದು ಕೊರತೆಯನ್ನೂ ಹೇಳಲೇಬೇಕು: ಹುಡುಗ ಹೇಳುತ್ತಿದ್ದ ಅರ್ಥವನ್ನೂ ಸಾಮಾನ್ಯವಾಗಿ ಐಗಳೇ ಬಾಯಿಪಾಠ ಮಾಡಿಸುತ್ತಿದ್ದರು. ದೊಡ್ಡವರು ವೇಷವಿಲ್ಲದೆ ಕೂತು ಅರ್ಥ ಹೇಳುವ ತಾಳಮದ್ದಳೆಯಲ್ಲಿರುವ ಆಶುಮಾತಿನ ಸ್ವಾತಂತ್ರ್ಯ ಮಕ್ಕಳಿಗೆ ಸಿಕ್ಕಿದ್ದು ಎಲ್ಲೋ ಒಂದೆರಡು ವಾಕ್ಯದಷ್ಟು. ಅಪ್ಪನ ಸಾಲ, ಹೊಳೆಯ ನೆರೆ, ಸತ್ತ ಕರು, ಅಂದರೆ ಮಗುವಿನ ಸ್ವಂತ ಕಥೆಗೆ ಐಗಳ ಮಠದಲ್ಲಿ ಜಾಗವೇ ಇರಲಿಲ್ಲ. ಮುಂದೆ 1921ರಲ್ಲಿ ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿ ಮಕ್ಕಳ ಪಠ್ಯಕ್ಕೆ ಹಾಡು, ನಗು ತಂದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ನಾಟಕಗಳಿಂದ ಕಲಿಸಲು ಹೊರಟರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಹಾಡು, ಕಥೆಗಳನ್ನು ಸರ್ಕಾರಿ ಶಾಲೆಯ ದಿನಚರಿಗೇ ಸೇರಿಸಿತು. ಈಗ ಮಗು ತನ್ನ ಮನೆಯ ಕಥೆ ಹೇಳಬಹುದು, ಚಿತ್ರ ಬರೆಯಬಹುದು. ಇದು ದೊಡ್ಡ ಲಾಭ, ಐಗಳಿಗೆ ಹೊಳೆಯದ ವಿಚಾರ. ಆದರೆ ಆ ಕಥೆ ಹೋಗುವುದೆಲ್ಲಿಗೆ? ಟೀಚರ್ ಕೇಳಿ ‘ಗುಡ್’ ಎನ್ನುತ್ತಾರೆ, ಚಿತ್ರ ಗೋಡೆಯ ಮೇಲೆ ಒಂದು ತಿಂಗಳು ಇರುತ್ತದೆ, ಚಟುವಟಿಕೆಯ ಫೋಟೋ ಮೇಲಿನವರಿಗೆ ಹೋಗುತ್ತದೆ. ಇನ್‌ಸ್ಪೆಕ್ಟರ್ ಇನ್ನೂ ಅಲ್ಲೇ ಕೂತಿದ್ದಾರೆ.

ಕುಂದಾಪುರ, ಬೈಂದೂರು ಕಡೆ ಹೂವಿನಕೋಲು ಪೂರ್ತಿ ಅಳಿದಿಲ್ಲ. ಯಕ್ಷಗಾನ ಸಂಘಗಳು ಮಕ್ಕಳಿಗೆ ಅಭ್ಯಾಸ ಮಾಡಿಸಿ ನವರಾತ್ರಿಯಲ್ಲಿ ಮನೆಮನೆಗೆ ಕಳಿಸುತ್ತವೆ, ಈಗ ಹೆಣ್ಣುಮಕ್ಕಳೂ ಕೋಲು ಹಿಡಿಯುತ್ತಾರೆ. ಶಾಲೆಗೆ ಆಗ ದಸರಾ ರಜೆ.