ದಾರಿಯಿಲ್ಲದ ರಾಜಧಾನಿ

ಅಮೆರಿಕದ ಅಲಾಸ್ಕ ರಾಜ್ಯದ ರಾಜಧಾನಿ ಜುನೋ. ಅಲ್ಲಿಯ ಶಾಸಕ ತನ್ನ ಕ್ಷೇತ್ರದಿಂದ ನೇರ ಕಾರು ಓಡಿಸಿಕೊಂಡು ಶಾಸನಸಭೆಗೆ ಹೋಗುವಂತಿಲ್ಲ. ವಿಮಾನ ಹತ್ತಬೇಕು, ಇಲ್ಲವೇ ಹಡಗು. ಊರಿನ ಬೆನ್ನಿಗೆ ಕಡಿದಾದ ಬೆಟ್ಟ, ಅದರಾಚೆ ವಿಶಾಲ ಹಿಮಬಯಲು, ಎದುರಿಗೆ ಕಡಲ ಕಾಲುವೆ. ಊರಿನಿಂದ ಉತ್ತರಕ್ಕೆ ಹೊರಟ ರಸ್ತೆ ಸುಮಾರು 40 ಮೈಲಿ ಸಾಗಿ ಕಾಡಿನಂಚಿನಲ್ಲಿ ಮುಗಿದುಹೋಗುತ್ತದೆ. ಮಂಜು ಕವಿದ ದಿನ ವಿಮಾನ ಇಳಿಯದೆ ಪ್ರಯಾಣಿಕರನ್ನು ಬೇರೆ ಊರಿಗೆ ಒಯ್ಯುವುದೂ ಉಂಟು.

ಇಂಥ ಜಾಗವನ್ನು ರಾಜಧಾನಿಯಾಗಿ ಆರಿಸಿದವರಿಗೆ ಬುದ್ಧಿ ಇರಲಿಲ್ಲವೇ ಎಂದು ಕೇಳುವುದು ಸುಲಭ. ಆದರೆ ಆ ಕಾಲಕ್ಕೆ ಅದು ಜಾಣ ಆಯ್ಕೆಯೇ ಆಗಿತ್ತು. 1880ರಲ್ಲಿ ಕೋವಿ ಎಂಬ ಟ್ಲಿಂಗಿಟ್ ಮುಖಂಡನ ನೆರವಿನಿಂದ ಜೋ ಜುನೋ ಮತ್ತು ರಿಚರ್ಡ್ ಹ್ಯಾರಿಸ್ ಇಲ್ಲಿ ಚಿನ್ನ ಕಂಡರು. ಊರಿಗೆ ಉಳಿದದ್ದು ಜೋ ಜುನೋನ ಹೆಸರು, ದಾರಿ ತೋರಿದವನದಲ್ಲ. ರಷ್ಯನ್ನರ ಕಾಲದಿಂದ ರಾಜಧಾನಿಯಾಗಿದ್ದ ಸಿಟ್ಕಾದಿಂದ ಆಡಳಿತವನ್ನು ಇಲ್ಲಿಗೆ ತರಲು 1900ರಲ್ಲಿ ಕಾನೂನಾಯಿತು, 1906ರಲ್ಲಿ ಕಚೇರಿಗಳು ಬಂದವು. ಎಲ್ಲರೂ ಹಡಗಿನಲ್ಲೇ ಓಡಾಡುತ್ತಿದ್ದ ದಿನಗಳಲ್ಲಿ ರಸ್ತೆಯ ಚಿಂತೆ ಯಾರಿಗಿತ್ತು? ಇಂದು ರಾಜ್ಯದ ಹತ್ತು ಮಂದಿಯಲ್ಲಿ ನಾಲ್ವರು ವಾಸಿಸುವ ಆಂಕರೇಜ್ ನಗರ ಆಗ ಹುಟ್ಟಿಯೇ ಇರಲಿಲ್ಲ. ಅದು 1915ರ ಸುಮಾರಿಗೆ ರೈಲ್ವೆ ಕೆಲಸದವರ ಡೇರೆಗಳಾಗಿ ಶುರುವಾದ ಊರು.

1959ರಲ್ಲಿ ಅಲಾಸ್ಕ ರಾಜ್ಯವಾದ ಮರುವರ್ಷವೇ ರಾಜಧಾನಿ ಬದಲಿಸುವ ಪ್ರಶ್ನೆ ಮತಪೆಟ್ಟಿಗೆಗೆ ಬಂತು. 1960 ಮತ್ತು 1962ರಲ್ಲಿ ಜನ ಬೇಡ ಎಂದರು. ಆದರೆ 1968ರಲ್ಲಿ ಉತ್ತರದ ತೀರದಲ್ಲಿ ಭಾರೀ ತೈಲನಿಕ್ಷೇಪ ಸಿಕ್ಕಿ, ಹಣದ ಕನಸು ಹರಡಿದ ಮೇಲೆ, 1974ರಲ್ಲಿ ಅದೇ ಜನ ಹೂಂ ಎಂದರು. ಇಲ್ಲೊಂದು ತಮಾಷೆಯ ಷರತ್ತಿತ್ತು: ಹೊಸ ರಾಜಧಾನಿ ಆಂಕರೇಜಿಗಾಗಲೀ ಫೇರ್‌ಬ್ಯಾಂಕ್ಸ್‌ಗಾಗಲೀ 30 ಮೈಲಿಯೊಳಗೆ ಇರಕೂಡದು. ಆಂಕರೇಜ್ ಎಲ್ಲವನ್ನೂ ನುಂಗೀತೆಂಬ ಭಯ ಉಳಿದವರದು. 1976ರಲ್ಲಿ ವಿಲ್ಲೋ ಎಂಬ ಸಣ್ಣ ಊರು ಆಯ್ಕೆಯಾಯಿತು.

ಆಮೇಲೆ ಬಂದದ್ದು ಲೆಕ್ಕದ ಪ್ರಶ್ನೆ. ಸ್ಥಳಾಂತರಕ್ಕೆ ಒಟ್ಟು ಎಷ್ಟು ಖರ್ಚು ಎಂಬುದನ್ನು ಮೊದಲು ಜನರ ಮುಂದಿಟ್ಟು ಅವರ ಒಪ್ಪಿಗೆ ಪಡೆಯಬೇಕೆಂಬ ನಿಯಮವನ್ನು 1978ರಲ್ಲಿ ಮತದಾರರೇ ತಂದರು. ಅದೇ ವರ್ಷ ವಿಲ್ಲೋಗಾಗಿ ಕೇಳಿದ 96.6 ಕೋಟಿ ಡಾಲರ್ ಸಾಲಕ್ಕೆ ಇಲ್ಲವೆಂದರು. 1982ರಲ್ಲಿ ಲೆಕ್ಕ ಸುಮಾರು 280 ಕೋಟಿ ಡಾಲರಿಗೆ ಏರಿತ್ತು. ಅದೂ ಬಿದ್ದುಹೋಯಿತು. ರಾಜಧಾನಿ ಹತ್ತಿರ ಬರಲೆಂಬ ಆಸೆ ಎಷ್ಟಿದ್ದರೂ ಬಿಲ್ಲು ನೋಡಿದೊಡನೆ ಜನ ಹಿಂದೆ ಸರಿದರು. 1994ರಲ್ಲಿ ವಸಿಲಾ ಊರಿಗೆ ಒಯ್ಯುವ ಪ್ರಸ್ತಾಪವೂ, 2002ರಲ್ಲಿ ಶಾಸನಸಭೆಯನ್ನಷ್ಟೇ ಒಯ್ಯುವ ಪ್ರಸ್ತಾಪವೂ ಸೋತವು.

ಹಾಗಾದರೆ ರಸ್ತೆಯನ್ನಾದರೂ ಮಾಡಬಾರದೇ? ಈ ವಾದ ಕೇಳಲು ಚೆನ್ನ. ಆದರೆ ಯೋಜನೆಯಲ್ಲಿದ್ದ ರಸ್ತೆ ಲಿನ್ ಕಾಲುವೆಯ ದಡದಲ್ಲಿ, ಹಿಮಕುಸಿತದ ಹತ್ತಾರು ಜಾಡುಗಳ ಕೆಳಗೆ ಸುಮಾರು 50 ಮೈಲಿ ಸಾಗಿ ಮತ್ತೆ ಹಡಗುಕಟ್ಟೆಯಲ್ಲೇ ಮುಗಿಯುವಂಥದು! ಅಲ್ಲಿಂದ ಹಡಗು ಹಿಡಿದು ಹೇನ್ಸ್ ತಲುಪಿ, ಕೆನಡಾದ ಗಡಿಯನ್ನು ಎರಡು ಸಲ ದಾಟಿ, 700 ಮೈಲಿಗೂ ಹೆಚ್ಚು ಓಡಿಸಿದರೆ ಆಂಕರೇಜ್. ಇರುವ ಹಡಗುಗಳನ್ನೇ ಸುಧಾರಿಸುವ ದಾರಿಯನ್ನು ಸರಿಯಾಗಿ ಪರಿಶೀಲಿಸಿಲ್ಲವೆಂದು ನ್ಯಾಯಾಲಯವೂ ಹೇಳಿತು. ತೈಲದ ಆದಾಯ ಕುಸಿದಿದ್ದ 2016ರ ಡಿಸೆಂಬರಿನಲ್ಲಿ ಗವರ್ನರ್ ಬಿಲ್ ವಾಕರ್ 57.4 ಕೋಟಿ ಡಾಲರಿನ ಆ ಯೋಜನೆಯನ್ನು ಕೈಬಿಟ್ಟರು.

ದೂರದ ಆಡಳಿತದ ಮೇಲೆ ಕಣ್ಣಿಡುವುದು ಹೇಗೆಂಬ ಆಂಕರೇಜಿನವರ ದೂರನ್ನು ತಳ್ಳಿಹಾಕಲಾಗದು. ಜುನೋ ನಗರಾಡಳಿತಕ್ಕೂ ಅದು ಗೊತ್ತು. ಶಾಸನಸಭೆಯ ಕಲಾಪವನ್ನು ಟಿ.ವಿ.ಯಲ್ಲಿ ರಾಜ್ಯಕ್ಕೆಲ್ಲ ತೋರಿಸಲು ಅದು ತನ್ನ ಕೈಯಿಂದ ಹಣ ಕೊಡುತ್ತ ಬಂದಿದೆ. ಸುಮಾರು 32,000 ಜನರ ಈ ಊರಿಗೆ ಸರ್ಕಾರವೆಂದರೆ ಅನ್ನ. ಕಚೇರಿಗಳು ಹೋದರೆ ಮನೆಗಳ ಬೆಲೆ, ಅಂಗಡಿ, ಶಾಲೆ ಎಲ್ಲವೂ ಹೋದಂತೆ.

2019ರ ಜುಲೈಯಲ್ಲಿ ಗವರ್ನರ್ ಮೈಕ್ ಡನ್ಲೀವಿ ವಿಶೇಷ ಅಧಿವೇಶನವನ್ನು ವಸಿಲಾದಲ್ಲಿ ಕರೆದರು. ಅರುವತ್ತು ಶಾಸಕರಲ್ಲಿ ಸುಮಾರು ಮೂರನೇ ಒಂದು ಪಾಲು ಅಲ್ಲಿಯ ಶಾಲೆಯೊಂದರಲ್ಲಿ ಸೇರಿದರು. ಬಹುಮತದವರು ಎಂದಿನಂತೆ ಜುನೋಗೆ ಹೋಗಿ ಕುಳಿತರು.