ಹೊಸ ಚಾಲಕರು ಹೆದ್ದಾರಿ ಹೊರತುಪಡಿಸಿ ಸಂಚರಿಸಲು ಉಪಗ್ರಹ ಆಧಾರಿತ ಪಥದರ್ಶಕದ ಬಳಕೆ: ಕಡಕೊಳ ಸುತ್ತಮುತ್ತಲಿನ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಕಡಕೊಳವು ಮೈಸೂರು–ನಂಜನಗೂಡು ರಸ್ತೆಯ ಮೇಲಿದೆ. ಈ ರಸ್ತೆಯು ರಾಷ್ಟ್ರೀಯ ಹೆದ್ದಾರಿ 766ರ ಭಾಗವಾಗಿದ್ದು, ಗುಂಡ್ಲುಪೇಟೆ ಮಾರ್ಗವಾಗಿ ಕೇರಳದ ಕಲ್ಲಿಕೋಟೆಯನ್ನು ತಲುಪುತ್ತದೆ. 2010ರ ಮರುಸಂಖ್ಯೀಕರಣಕ್ಕೆ ಮುನ್ನ ಇದು ಹೆದ್ದಾರಿ 212 ಆಗಿತ್ತು. ಕೈಗಾರಿಕಾ ಪ್ರದೇಶಗಳ ಲಾರಿಗಳು, ಅಂತರರಾಜ್ಯ ಬಸ್ಸುಗಳು ಹಾಗೂ ಮಂಡಕಳ್ಳಿ ವಿಮಾನ ನಿಲ್ದಾಣದ ವಾಹನಗಳು ಇದೇ ರಸ್ತೆಯನ್ನು ಬಳಸುತ್ತವೆ. ಆದ್ದರಿಂದ ಹೊಸದಾಗಿ ಚಾಲನೆ ಕಲಿತವರು ಮೊಬೈಲಿನ ಪಥದರ್ಶಕದಲ್ಲಿ ಹೆದ್ದಾರಿಯನ್ನು ಹೊರತುಪಡಿಸಿ ಒಳರಸ್ತೆಗಳಲ್ಲಿ ಸಂಚರಿಸಲು ಬಯಸುವುದು ಸಹಜ. ಈ ಸೌಲಭ್ಯದ ಪ್ರಯೋಜನ ಹಾಗೂ ಮಿತಿಗಳನ್ನು ಇಲ್ಲಿ ವಿವರಿಸಲಾಗಿದೆ.

2. ಕಲಿಕಾ ಲೈಸೆನ್ಸು ಹೊಂದಿರುವವರಿಗೆ

ಅ) ಕಲಿಕಾ ಲೈಸೆನ್ಸಿನ ಅವಧಿ ಆರು ತಿಂಗಳು. ಲೈಸೆನ್ಸು ಪಡೆದ 30 ದಿನಗಳ ನಂತರವಷ್ಟೇ ಚಾಲನಾ ಪರೀಕ್ಷೆಗೆ ಹಾಜರಾಗಬಹುದು.

ಆ) ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 3ರಂತೆ, ಕಲಿಯುವವರ ಜೊತೆಯಲ್ಲಿ ಆ ವರ್ಗದ ವಾಹನದ ಚಾಲನಾ ಲೈಸೆನ್ಸು ಹೊಂದಿರುವ ಬೋಧಕರು ಇರತಕ್ಕದ್ದು. ವಾಹನದ ಮುಂದೆ ಮತ್ತು ಹಿಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಅಕ್ಷರದ ಫಲಕವಿರತಕ್ಕದ್ದು. ಪಥದರ್ಶಕವು ಬೋಧಕರಿಗೆ ಬದಲಿಯಲ್ಲ. ಒಳರಸ್ತೆಯಲ್ಲಿ ಸಂಚರಿಸುವ ಕಾರಣದಿಂದ ಈ ನಿಯಮಕ್ಕೆ ವಿನಾಯಿತಿ ದೊರೆಯುವುದಿಲ್ಲ.

3. ಚಾಲನೆಯ ವೇಳೆ ಮೊಬೈಲ್ ಬಳಕೆ

ಅದೇ ನಿಯಮಗಳಿಗೆ 2020ರಲ್ಲಿ ತಂದ ತಿದ್ದುಪಡಿಯಂತೆ, ಚಾಲನೆಯಲ್ಲಿರುವಾಗ ಮೊಬೈಲನ್ನು ಮಾರ್ಗ ತಿಳಿಯುವ ಉದ್ದೇಶಕ್ಕೆ ಮಾತ್ರ, ಚಾಲಕರ ಏಕಾಗ್ರತೆಗೆ ಭಂಗವಾಗದ ರೀತಿಯಲ್ಲಿ ಬಳಸಬಹುದು. ಉಳಿದ ಬಳಕೆಯು ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 184ರಡಿ ಅಪಾಯಕಾರಿ ಚಾಲನೆಯಾಗಬಹುದು. ಆದ್ದರಿಂದ ತಲುಪಬೇಕಾದ ಸ್ಥಳವನ್ನು ಹೊರಡುವ ಮೊದಲೇ ನಮೂದಿಸಿ, ಮೊಬೈಲನ್ನು ಸ್ಟ್ಯಾಂಡಿನಲ್ಲಿರಿಸಿ, ಧ್ವನಿ ಸೂಚನೆಯನ್ನು ಆಲಿಸುವುದು ಸೂಕ್ತ. ಮಾರ್ಗ ಬದಲಿಸಬೇಕಾದಲ್ಲಿ ವಾಹನವನ್ನು ರಸ್ತೆಯ ಬದಿಗೆ ನಿಲ್ಲಿಸತಕ್ಕದ್ದು.

4. ‘ಹೆದ್ದಾರಿ ತಪ್ಪಿಸು’ ಆಯ್ಕೆಯ ಮಿತಿಗಳು

ಅ) ಪಥದರ್ಶಕವು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತದಿಂದ ವಾಹನದ ಸ್ಥಾನವನ್ನು ಲೆಕ್ಕ ಹಾಕುತ್ತದೆ. ರಸ್ತೆಯ ಅಗಲ, ಗುಂಡಿ, ಕೆರೆ ಏರಿ, ಬೀದಿದೀಪ ಇವು ಉಪಗ್ರಹದಿಂದ ತಿಳಿಯುವುದಿಲ್ಲ. ನಕ್ಷೆಯಲ್ಲಿ ದಾಖಲಾಗಿರುವಷ್ಟೇ ತಿಳಿಯುತ್ತದೆ.

ಆ) ಯಾವುದು ಹೆದ್ದಾರಿ ಎಂಬುದನ್ನು ಆಯಾ ನಕ್ಷೆಯ ವರ್ಗೀಕರಣ ನಿರ್ಧರಿಸುತ್ತದೆ. ಆಯ್ಕೆ ಮಾಡಿದ ಮೇಲೂ ಸೂಚಿತ ಮಾರ್ಗದಲ್ಲಿ ಹೆದ್ದಾರಿ 766 ಉಳಿದಿರಬಹುದು. ಆದ್ದರಿಂದ ಹೊರಡುವ ಮುನ್ನ ಇಡೀ ಮಾರ್ಗವನ್ನು ನಕ್ಷೆಯಲ್ಲಿ ನೋಡಿಕೊಳ್ಳುವುದು.

ಇ) ‘ಟೋಲ್ ತಪ್ಪಿಸು’ ಎಂಬುದು ಬೇರೆಯೇ ಆಯ್ಕೆ. ಕಡಕೊಳದ ಟೋಲ್ ಕೇಂದ್ರವನ್ನು ಬಳಸಿ ಹೋಗುವ ಮಾರ್ಗವು ಮುಂದೆ ಮತ್ತೆ ಹೆದ್ದಾರಿಗೇ ಸೇರಬಹುದು. ಪಕ್ಕದ ರಸ್ತೆಯಿಂದ ಹೆದ್ದಾರಿಗೆ ಸೇರುವ ತಿರುವೇ ಹೊಸ ಚಾಲಕರಿಗೆ ಹೆಚ್ಚು ಕಷ್ಟಕರ.

ಈ) ಮೈಸೂರು–ಚಾಮರಾಜನಗರ ರೈಲು ಮಾರ್ಗವು ಕಡಕೊಳದ ಮೂಲಕ ಹಾದುಹೋಗುತ್ತದೆ. ಒಳರಸ್ತೆಯಲ್ಲಿ ರೈಲ್ವೆ ಗೇಟು ಎದುರಾದಲ್ಲಿ ಗೇಟು ತೆರೆಯುವವರೆಗೆ ಕಾಯತಕ್ಕದ್ದು. ಪಥದರ್ಶಕ ತೋರಿಸುವ ಸಮಯವನ್ನು ಲೆಕ್ಕಿಸಬಾರದು.

5. ಬೆಂಗಳೂರು–ಮೈಸೂರು ಹೆದ್ದಾರಿ 275

ಸುಮಾರು 118 ಕಿ.ಮೀ. ಉದ್ದದ ಈ ಮಾರ್ಗವು 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡಿತು. 2023ರ ಆಗಸ್ಟ್ 1ರಿಂದ ಇದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರಾಕ್ಟರ್ ಮೊದಲಾದವುಗಳ ಸಂಚಾರವನ್ನು ನಿಷೇಧಿಸಲಾಗಿದೆ. ಇವು ಸರ್ವೀಸ್ ರಸ್ತೆಯಲ್ಲಿ ಸಂಚರಿಸತಕ್ಕದ್ದು. ಪಥದರ್ಶಕವು ಕಾರಿನ ಆಯ್ಕೆಯಲ್ಲಿದ್ದರೆ ಸ್ಕೂಟರ್ ಸವಾರರಿಗೂ ಮುಖ್ಯ ಪಥವನ್ನೇ ತೋರಿಸುತ್ತದೆ. ಅಲ್ಲಿ ಪ್ರವೇಶಿಸಿದವರು ಹಿಂದಿರುಗಲು ಎದುರು ದಿಕ್ಕಿನಲ್ಲಿ ಚಲಿಸುವುದು ಪ್ರಾಣಾಪಾಯಕಾರಿ. ದ್ವಿಚಕ್ರ ಸವಾರರು ಮೊದಲೇ ದ್ವಿಚಕ್ರ ವಾಹನದ ಆಯ್ಕೆಯನ್ನು ಬಳಸುವುದು. ಮೊಬೈಲಿನ ಸೂಚನೆಗೂ ರಸ್ತೆ ಬದಿಯ ಫಲಕಕ್ಕೂ ವ್ಯತ್ಯಾಸವಿದ್ದಲ್ಲಿ ಫಲಕವನ್ನೇ ಪಾಲಿಸತಕ್ಕದ್ದು.

6. ಬಂಡೀಪುರ ಮಾರ್ಗ

ಕಡಕೊಳದಿಂದ ಗುಂಡ್ಲುಪೇಟೆಯ ಮೂಲಕ ವಯನಾಡು ಅಥವಾ ಊಟಿಗೆ ತೆರಳುವವರು ಬಂಡೀಪುರ ಅರಣ್ಯದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6 ಗಂಟೆಯವರೆಗೆ 2009ರಿಂದ ಸಂಚಾರ ನಿರ್ಬಂಧವಿರುವುದನ್ನು ಗಮನಿಸುವುದು. ಹೆದ್ದಾರಿ ತಪ್ಪಿಸುವ ಆಯ್ಕೆಯನ್ನು ನೆಚ್ಚಿ ಕಾಡಂಚಿನ ಕಿರುದಾರಿಗಳಲ್ಲಿ ರಾತ್ರಿ ಸಂಚರಿಸಬಾರದು. ಅಲ್ಲಿ ಆನೆಗಳ ಓಡಾಟವಿದ್ದು, ಮೊಬೈಲ್ ಸಂಪರ್ಕವೂ ಕಡಿತಗೊಳ್ಳಬಹುದು.

7. ಸಲಹೆಗಳು

ಅ) ಮೊದಲ ಬಾರಿ ಹೊಸ ಮಾರ್ಗದಲ್ಲಿ ಹಗಲಿನಲ್ಲಿ, ಅನುಭವಿಗಳೊಂದಿಗೆ ಸಂಚರಿಸುವುದು.

ಆ) ಮಾರ್ಗದ ನಕ್ಷೆಯನ್ನು ಮುಂಚಿತವಾಗಿ ಮೊಬೈಲಿಗೆ ಇಳಿಸಿಕೊಳ್ಳುವುದು.

ಇ) ಸೂಚಿತ ರಸ್ತೆ ಕಿರಿದಾಗುತ್ತಾ ಹೋದಲ್ಲಿ ಮುಂದುವರಿಯದೆ ಸ್ಥಳೀಯರನ್ನು ವಿಚಾರಿಸುವುದು.

ಈ) ಹೆದ್ದಾರಿಯನ್ನು ಸದಾ ಕಾಲ ತಪ್ಪಿಸಲಾಗದು. ಕಡಕೊಳದ ನಿವಾಸಿಗಳು ಒಂದಲ್ಲ ಒಂದು ದಿನ ಅದನ್ನು ಬಳಸಲೇಬೇಕಾಗುತ್ತದೆ. ಬೋಧಕರು ಜೊತೆಯಲ್ಲಿರುವಾಗಲೇ, ವಾಹನ ದಟ್ಟಣೆ ಕಡಿಮೆಯಿರುವ ವೇಳೆಯಲ್ಲಿ ಅಭ್ಯಾಸ ಮಾಡಿಕೊಳ್ಳುವುದು ಕ್ಷೇಮಕರ.

8. ತುರ್ತು ದೂರವಾಣಿ

ತುರ್ತು ಸೇವೆ: 112. ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ: 1033.

ಕಲಿಕಾ ಲೈಸೆನ್ಸು ಹಾಗೂ ಚಾಲನಾ ಲೈಸೆನ್ಸಿಗೆ ‘ಸಾರಥಿ’ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು.

ವಿ.ಸೂ.: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಕಾನೂನಿನ ವಿಷಯದಲ್ಲಿ ಅಧಿನಿಯಮ ಹಾಗೂ ನಿಯಮಗಳೇ ಅಂತಿಮ.